ಬೆಂಗಳೂರಿನ ಹೊರವಲಯದಲ್ಲಿ ಮನೆ: ಕೆಂಗೇರಿ, ಕನಕಪುರ ರಸ್ತೆ, ಯಲಹಂಕ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ – ಯಾವುದು ಯಾರಿಗೆ?

ಜಯನಗರ, ಮಲ್ಲೇಶ್ವರದಂಥ ಕಡೆ ಸಂಬಳದ ದುಡ್ಡಲ್ಲಿ ಮನೆ ಕೊಳ್ಳುವುದು ಹೆಚ್ಚಿನವರಿಗೆ ಈಗ ಆಗದ ಮಾತು. ಹಾಗಾಗಿ ಎಲ್ಲರೂ ಹೊರವಲಯ ನೋಡುತ್ತಾರೆ. ಗೊಂದಲ ಶುರುವಾಗುವುದು ಅಲ್ಲೇ. ಆಫೀಸಿನವರು ಸರ್ಜಾಪುರ ರಸ್ತೆ ಎನ್ನುತ್ತಾರೆ. ಮನೆಯ ಹಿರಿಯರು ಕೆಂಗೇರಿ ಎನ್ನುತ್ತಾರೆ. ಏಜೆಂಟರು ದೇವನಹಳ್ಳಿಯಲ್ಲಿ ರೇಟು ಡಬಲ್ ಆಗುತ್ತದೆ ಎನ್ನುತ್ತಾರೆ. ಮೂವರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ಆದರೆ ಆ ಲೆಕ್ಕ ನಿಮ್ಮದಾಗಬೇಕಿಲ್ಲ.

ಇದು ವಾಸಕ್ಕೆಂದು ಮನೆ ಕೊಳ್ಳುವ ಸಂಸಾರಗಳಿಗಾಗಿ ಬರೆದದ್ದು. ಶಾಲೆಗೆ ಹೋಗುವ ಮಕ್ಕಳಿದ್ದಾರೆ, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾರೆ ಅಥವಾ ಇನ್ನು ಕೆಲವು ವರ್ಷದಲ್ಲಿ ಬರುತ್ತಾರೆ, ಒಬ್ಬರೋ ಇಬ್ಬರೋ ಕೆಲಸಕ್ಕೆ ಹೋಗುತ್ತಾರೆ. ಇಂಥ ಮನೆಗೆ ಏರಿಯಾ ಆರಿಸುವಾಗ ಎರಡು ಪ್ರಶ್ನೆ ಮೊದಲು ಬರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೀರು ಎಲ್ಲಿಂದ ಬರುತ್ತದೆ? ಅಪಾರ್ಟ್‌ಮೆಂಟುಗಳು ಬರುವ ಮೊದಲೇ ಅಲ್ಲೊಂದು ಊರು ಇತ್ತಾ? ಇವೆರಡಕ್ಕೂ ಒಳ್ಳೆ ಉತ್ತರ ಸಿಕ್ಕಿದ ಮೇಲೆ ಮೆಟ್ರೋ, ಶಾಲೆ, ಕ್ಲಬ್‌ಹೌಸು ಎಲ್ಲ ನೋಡಿ.

ಮೊದಲು ನೀರು

ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ಅದೂ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಮೇಲಕ್ಕೆ ಪಂಪ್ ಮಾಡಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ನೈಋತ್ಯ ದಿಕ್ಕಿನಿಂದ ಏರಿಕೊಂಡು ಬರುತ್ತದೆ. ಅಂದರೆ ಕನಕಪುರ ರಸ್ತೆಯ ಕಡೆಯಿಂದ ನಗರಕ್ಕೆ ಒಳಗೆ ಬರುವ ನೀರು ಪೂರ್ವ ಮತ್ತು ಉತ್ತರದ ತುದಿಗಳಿಗೆ ಕೊನೆಗೆ ತಲುಪುತ್ತದೆ.

2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ನಗರಕ್ಕೆ ಸೇರಿದವು. ಆ 110 ಹಳ್ಳಿಗಳು ಕೊಳವೆ ನೀರಿಗೆ ಬಹಳ ವರ್ಷ ಕಾದವು. ಅವುಗಳಿಗೆಂದೇ ಮಾಡಿದ ಕಾವೇರಿ 5ನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅದೇ ವರ್ಷದ ಬೇಸಿಗೆ ನೆನಪಿದೆಯಲ್ವಾ? ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ಗೆ ಸಾಲು ನಿಂತು, ಕೊನೆಗೆ ಬೆಂಗಳೂರು ನಗರ ಜಿಲ್ಲಾಡಳಿತವೇ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತು. 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಎಂದಿತ್ತು ಆ ದರ.

ಆ ದರದಲ್ಲೇ ಒಂದು ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎನ್ನುವುದು ನಗರಗಳಿಗೆ ಸರ್ಕಾರ ಇಟ್ಟುಕೊಂಡಿರುವ ಅಳತೆ. ನಾಲ್ಕು ಜನರ ಮನೆಗೆ 540 ಲೀಟರ್. 100 ಮನೆಗಳ ಅಪಾರ್ಟ್‌ಮೆಂಟಿಗೆ ದಿನಕ್ಕೆ 54,000 ಲೀಟರ್, ಅಂದರೆ ನಾಲ್ಕೂವರೆ ಟ್ಯಾಂಕರ್. ತಿಂಗಳಿಗೆ 1,35,000 ರೂಪಾಯಿ. ಮನೆಗೆ 1,350 ರೂಪಾಯಿ ಎಂದರೆ ಅಂಥ ದೊಡ್ಡ ಮೊತ್ತ ಅಲ್ಲ ಅನ್ನಿಸಬಹುದು. ಚಿಂತೆ ದುಡ್ಡಿನದಲ್ಲ. ಏಪ್ರಿಲ್‌ನಲ್ಲಿ ಟ್ಯಾಂಕರ್ ಬರದಿದ್ದರೆ ಏನು ಮಾಡುತ್ತೀರಿ ಎನ್ನುವುದು. ಎಂಬತ್ತರ ಅಜ್ಜಿ ಇರುವ ಮನೆಯಲ್ಲಿ ಎರಡು ದಿನ ನೀರಿಲ್ಲ ಎಂದರೆ ಸಣ್ಣ ವಿಷಯವಲ್ಲ.

ಹಾಗಾಗಿ ಫ್ಲ್ಯಾಟ್ ನೋಡಲು ಹೋದಾಗ "ಕಾವೇರಿ ಇದೆಯಾ" ಎಂದು ಮಾತ್ರ ಕೇಳಬೇಡಿ. ಎಲ್ಲರೂ ಇದೆ ಎನ್ನುತ್ತಾರೆ. ರಸ್ತೆಯಲ್ಲಿ ಕೊಳವೆ ಹೋಗಿರುತ್ತದೆ, ಆದರೆ ಕಟ್ಟಡದ ಅಳತೆಗೆ ತಕ್ಕಂತೆ ಜಲಮಂಡಳಿಗೆ ಕಟ್ಟಬೇಕಾದ ಪ್ರೊ ರೇಟಾ ಶುಲ್ಕ ಕಟ್ಟದೆ ಸಂಪರ್ಕವೇ ಸಿಕ್ಕಿರುವುದಿಲ್ಲ. ಸಂಪರ್ಕ ಇದ್ದರೂ ವಾರಕ್ಕೆರಡು ದಿನ, ಕೆಲವೇ ಗಂಟೆ ಬರಬಹುದು. ಜಲಮಂಡಳಿಯ ಬಿಲ್ ತೋರಿಸಿ ಎನ್ನಿ. ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಕಳೆದ ಮಾರ್ಚ್, ಏಪ್ರಿಲ್, ಮೇ ತಿಂಗಳ ಖರ್ಚಿನ ಪಟ್ಟಿ ಕೇಳಿ. ಟ್ಯಾಂಕರ್ ಎಂಬ ಸಾಲಿನಲ್ಲಿ ಎಷ್ಟು ಬರೆದಿದೆ ನೋಡಿದರೆ ಆ ಜಾಗದ ನಿಜ ಸ್ಥಿತಿ ಗೊತ್ತಾಗುತ್ತದೆ. ಪಟ್ಟಿ ಕೊಡಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ.

ನೀರಿನ ಇನ್ನೊಂದು ಮುಖ ಮಳೆ. ಬೆಂಗಳೂರು ಒಂದು ದಿಬ್ಬದ ಮೇಲಿದೆ. ಪಶ್ಚಿಮದ ನೀರು ವೃಷಭಾವತಿ ಸೇರಿ ಅರ್ಕಾವತಿಗೆ ಇಳಿಯುತ್ತದೆ. ಪೂರ್ವದ ನೀರು ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನೀರು ತಂಗಲೆಂದೇ ಈ ದಾರಿಗಳಲ್ಲಿ ಹಿಂದಿನವರು ಕೆರೆ ಕಟ್ಟಿದ್ದರು. ಕೆರೆಯ ಅಂಗಳ, ರಾಜಕಾಲುವೆಯ ಪಕ್ಕ ಮನೆ ಕಟ್ಟಿದರೆ ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಮುಳುಗಿದ್ದು ಹೀಗೆ. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ 2021ರಲ್ಲಿ ಮುಳುಗಿತು, 2024ರಲ್ಲಿ ಮತ್ತೆ ಮುಳುಗಿತು. ಹೊರಮಾವಿನ ಸಾಯಿ ಲೇಔಟ್ ಕಥೆಯೂ ಇದೇ. ದುಬಾರಿ ವಿಲ್ಲಾ, ಸಾಮಾನ್ಯ ಫ್ಲ್ಯಾಟು ಎಂಬ ಭೇದ ನೀರಿಗಿಲ್ಲ.

ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಇಳಿಸಿಕೊಂಡು ಸೈಟಿನ ಮೇಲೆ ನಿಂತು ಸರ್ವೆ ನಂಬರ್ ನೋಡಿ. ಸುತ್ತ ಕೆರೆ, ಕಾಲುವೆ, ಸರ್ಕಾರಿ ಜಮೀನು ಇದ್ದರೆ ಹಳೇ ನಕ್ಷೆಯಲ್ಲಿ ಕಾಣುತ್ತದೆ. ಆಮೇಲೆ ಹತ್ತಿರದ ಅಂಗಡಿಯಲ್ಲಿ ಟೀ ಕುಡಿಯುತ್ತಾ ಮಳೆಗಾಲದಲ್ಲಿ ಎಲ್ಲಿವರೆಗೆ ನೀರು ನಿಲ್ಲುತ್ತದೆ ಎಂದು ಕೇಳಿ. ಅಂಗಡಿಯವರಿಗೆ ಮನೆ ಮಾರುವ ಅಗತ್ಯವಿಲ್ಲ.

ಊರು ಇದ್ದ ಕಡೆ ಯಾಕೆ?

ಬಡಾವಣೆ ಎದ್ದ ಮೇಲೆ ಅಂಗಡಿ ಬರುತ್ತದೆ, ಶಾಲೆ ಬರುತ್ತದೆ, ಆಸ್ಪತ್ರೆ ಬರುತ್ತದೆ ಎನ್ನುತ್ತಾರೆ. ಬರುತ್ತವೆ, ಒಪ್ಪುತ್ತೇನೆ. ಬರದೇ ಇರುವುದು ಫುಟ್‌ಪಾತು, ಮರ, ಬಸ್ ನಿಲ್ದಾಣ, ಸಂತೆ, ಗ್ರಂಥಾಲಯ, ಸಂಜೆ ಹಿರಿಯರು ಹೋಗಿ ಕೂರುವ ದೇವಸ್ಥಾನದ ಜಗಲಿ. ಅಪ್ಪ ಅಮ್ಮ ಹಾಸನದಿಂದಲೋ ಶಿರಸಿಯಿಂದಲೋ ಬಂದವರಾದರೆ ಇದು ಬಹಳ ಮುಖ್ಯ. ಹದಿನಾಲ್ಕನೇ ಮಹಡಿಯಲ್ಲಿ ಲಿಫ್ಟು, ಸೆಕ್ಯೂರಿಟಿ ಎಲ್ಲ ಇದ್ದೂ ಮಾತಾಡಲು ಯಾರೂ ಇಲ್ಲದೆ, ಕೊತ್ತಂಬರಿ ಸೊಪ್ಪಿಗೂ ಮೊಬೈಲ್ ಒತ್ತಬೇಕಾದರೆ ಅವರು ಮೂರು ತಿಂಗಳಲ್ಲಿ ಊರಿಗೆ ವಾಪಸ್ ಹೊರಡುತ್ತಾರೆ. ಕನ್ನಡ ಕಿವಿಗೆ ಬೀಳುವ ರಸ್ತೆ ಅವರಿಗೆ ಬೇಕು. ಮಕ್ಕಳಿಗೂ ಬೇಕು. ಮನೆಯಲ್ಲಿ ಮಾತ್ರ ಕೇಳಿದ ಭಾಷೆ ಮನೆಯಲ್ಲೇ ಉಳಿಯುತ್ತದೆ. ಅಂಗಡಿಯಲ್ಲಿ, ಆಟೋದಲ್ಲಿ, ಆಟದ ಮೈದಾನದಲ್ಲಿ ಕೇಳಿದ್ದು ಮಕ್ಕಳ ಬಾಯಿಗೆ ಬರುತ್ತದೆ.

ಈ ಅಳತೆಯಲ್ಲಿ ಐದು ಕಡೆಗಳನ್ನು ನೋಡೋಣ.

ಕೆಂಗೇರಿ

ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಇದೇ. ಕೆಂಗೇರಿ ಹಳೇ ಊರು. ಮೈಸೂರು ಮಾರ್ಗದ ರೈಲು ನಿಲ್ದಾಣ ಇದೆ. ದೊಡ್ಡ ಬಸ್ ನಿಲ್ದಾಣ ಇದೆ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಮುಂದುವರಿಯಿತು. ಮೆಜೆಸ್ಟಿಕ್, ವಿಧಾನಸೌಧ, ಎಂ.ಜಿ. ರಸ್ತೆ ಎಲ್ಲ ಒಂದೇ ರೈಲಿನಲ್ಲಿ. ಸರ್ಕಾರಿ ಕೆಲಸ, ಕೋರ್ಟು, ಬ್ಯಾಂಕು ಎಂದು ನಗರದ ನಡುವೆ ದುಡಿಯುವವರಿಗೆ ಇದಕ್ಕಿಂತ ಅನುಕೂಲದ ಹೊರವಲಯ ಸಿಗುವುದು ಕಷ್ಟ. ವೈಟ್‌ಫೀಲ್ಡಿಗೂ ಅದೇ ರೈಲು ಹೋಗುತ್ತದೆ. ಆದರೆ ಒಂದು ಕಡೆಗೆ ಹತ್ತಿರ ಹತ್ತಿರ ಒಂದೂವರೆ ಗಂಟೆ. ವಾರಕ್ಕೆರಡು ದಿನ ಆಫೀಸಿಗೆ ಹೋಗುವವರಿಗೆ ಸರಿ, ಐದು ದಿನದವರಿಗೆ ಬೇಡ.

ಉಪನಗರದ ಭಾಗದಲ್ಲಿ ಅಡ್ಡರಸ್ತೆಗಳು ನೇರ ಇವೆ, ಮರಗಳು ಬೆಳೆದಿವೆ, ಪಾರ್ಕುಗಳಿವೆ. ಸ್ವಂತ ಸೈಟಿನಲ್ಲಿ ಎರಡು ಮಹಡಿ ಕಟ್ಟಿ ಕೆಳಗೆ ಅಪ್ಪ ಅಮ್ಮ, ಮೇಲೆ ಮಕ್ಕಳು ಎಂದು ಇರಬೇಕೆನ್ನುವ ಮನೆಗಳಿಗೆ ಇಲ್ಲಿ ಇನ್ನೂ ಅವಕಾಶ ಇದೆ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಗೆ ಹೋಲಿಸಿದರೆ ಬೆಲೆಯೂ ಕಡಿಮೆ.

ಕೊರತೆ ಏನು? ವೃಷಭಾವತಿ. ನಗರದ ಕೊಳಚೆ ಹೊತ್ತು ಹರಿಯುವ ಆ ನದಿಯ ವಾಸನೆ ಕೆಲವು ಭಾಗಗಳಿಗೆ ಚೆನ್ನಾಗಿಯೇ ಬಡಿಯುತ್ತದೆ. ಹಗಲು ಗೊತ್ತಾಗದೆ ರಾತ್ರಿ ಗಾಳಿ ನಿಂತಾಗ ಗೊತ್ತಾಗಬಹುದು. ಹಾಗಾಗಿ ಸಂಜೆ ಏಳರ ಮೇಲೆ ಒಮ್ಮೆ ಹೋಗಿ. ಇನ್ನೊಂದು ಎಚ್ಚರಿಕೆ ನಾಡಪ್ರಭು ಕೆಂಪೇಗೌಡ ಬಡಾವಣೆಯ ಬಗ್ಗೆ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆ, ದಾಖಲೆ ಗಟ್ಟಿ ಎಂಬ ನಂಬಿಕೆ ಜನರಲ್ಲಿದೆ. ಆದರೆ ಸೈಟು ಹಂಚಿ ವರ್ಷಗಳಾದರೂ ರಸ್ತೆ, ನೀರು, ವಿದ್ಯುತ್ ಪೂರ್ತಿ ಸಿಗದೆ ಮನೆ ಕಟ್ಟಲಾಗದವರು ಅಲ್ಲಿ ಬಹಳ ಮಂದಿ. ಯಾವ ಬ್ಲಾಕ್, ಯಾವ ರಸ್ತೆ ಎಂದು ಹೋಗಿ ನೋಡಿ, ಅಕ್ಕಪಕ್ಕ ಜನ ವಾಸವಾಗಿದ್ದರೆ ಮಾತ್ರ ಮುಂದುವರಿಯಿರಿ.

ಕನಕಪುರ ರಸ್ತೆ

ಕೋಣನಕುಂಟೆ ಕ್ರಾಸ್‌ನಿಂದ ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆಯವರೆಗಿನ ಪಟ್ಟಿ. 2021ರ ಜನವರಿಯಿಂದ ಹಸಿರು ಮಾರ್ಗದ ಮೆಟ್ರೋ ಇದೆ. ಇದರ ದೊಡ್ಡ ಲಾಭ ಬನಶಂಕರಿ, ಜಯನಗರಗಳ ನಂಟು. ದಿನಸಿ, ಡಾಕ್ಟರು, ಸಂಗೀತದ ಪಾಠ, ಹಬ್ಬದ ಬಟ್ಟೆ, ಯಾವುದಕ್ಕೂ ರೈಲು ಹತ್ತಿದರೆ ಆಯಿತು. ಇಲ್ಲಿನ ಹಳ್ಳಿಗಳು ಚಿಕ್ಕವು, ಕೆಂಗೇರಿಯಂಥ ಊರಿಲ್ಲ. ಆದರೆ ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆಗಳು ಆ ಕೊರತೆ ತುಂಬುತ್ತವೆ.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ಇಲ್ಲಿನ ಲೆಕ್ಕ ಇನ್ನಷ್ಟು ಚೆನ್ನಾಗಿದೆ. ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿದರೆ ಎಲೆಕ್ಟ್ರಾನಿಕ್ ಸಿಟಿ. ಗಂಡ ಹೆಂಡತಿಯಲ್ಲಿ ಒಬ್ಬರ ಕೆಲಸ ನಗರದ ನಡುವೆ, ಇನ್ನೊಬ್ಬರದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದ್ದರೆ ನಾನು ಬೇರೆ ಕಡೆ ನೋಡಿ ಎಂದು ಹೇಳುವುದೇ ಇಲ್ಲ.

ತುರಹಳ್ಳಿ ಕಾಡು ಪಕ್ಕದಲ್ಲಿದೆ. ಬೆಳಗಿನ ಗಾಳಿ ಬೇರೆಯೇ. ಚಿರತೆ ಕಾಣಿಸಿಕೊಂಡ ಸುದ್ದಿಯೂ ಆಗಾಗ ಬರುತ್ತದೆ, ಕಾಡಂಚಿನ ಮನೆಯವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮಸ್ಯೆ ಅಡ್ಡರಸ್ತೆಗಳದ್ದು. ಹಳ್ಳಿಯ ಗಾಡಿದಾರಿಯಷ್ಟು ಅಗಲದ ರಸ್ತೆಯ ತುದಿಯಲ್ಲಿ ನೂರಾರು ಮನೆಗಳ ಗೋಪುರ ಎದ್ದಿರುತ್ತದೆ. ಶಾಲೆ ಬಸ್ಸು, ನೀರಿನ ಟ್ಯಾಂಕರ್, ಕಸದ ಗಾಡಿ ಮೂರೂ ಎದುರಾದರೆ ಮುಗಿಯಿತು. ಮುಖ್ಯರಸ್ತೆಯಿಂದ ಒಂದು ಕಿಲೋಮೀಟರ್ ಒಳಗೆ, ನಡೆದೇ ಮೆಟ್ರೋ ಸೇರುವಂತಿದ್ದರೆ ಆರಿಸಿ. ಮೂರು ನಾಲ್ಕು ಕಿಲೋಮೀಟರ್ ಒಳಗಿದ್ದೂ ಕನಕಪುರ ರಸ್ತೆ ಎಂದು ಜಾಹೀರಾತು ಕೊಡುವ ಮನೆಗಳಿವೆ. ಅವು ಬೇರೆಯೇ ಏರಿಯಾ ಎಂದುಕೊಳ್ಳಿ.

ಯಲಹಂಕ

ಊರು ಎಂಬ ಲೆಕ್ಕದಲ್ಲಿ ಯಲಹಂಕವನ್ನು ಯಾವುದೂ ಮೀರಿಸುವುದಿಲ್ಲ. ಕೆಂಪೇಗೌಡರ ವಂಶ ಆಳಿದ ನಾಡು. ಹಳೇ ಪಟ್ಟಣ ಒಂದು ಕಡೆ, ಗೃಹಮಂಡಳಿ ಕಟ್ಟಿದ ಉಪನಗರ ಇನ್ನೊಂದು ಕಡೆ. ರೈಲ್ವೆ ಗಾಲಿ ಕಾರ್ಖಾನೆ, ವಾಯುನೆಲೆ, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ ಇರುವುದರಿಂದ ಸುತ್ತ ಹಸಿರು ಜಾಸ್ತಿ, ಕೇಂದ್ರೀಯ ವಿದ್ಯಾಲಯಗಳಿವೆ. ವರ್ಗವಾಗುವ ಕೇಂದ್ರ ಸರ್ಕಾರಿ ನೌಕರರಿಗೆ ಇದು ದೊಡ್ಡ ಅನುಕೂಲ. ಉಪನಗರದಲ್ಲಿ ಸಂಜೆ ಒಂದು ಸುತ್ತು ನಡೆದು ಬನ್ನಿ. ಮನೆಮುಂದೆ ಕುರ್ಚಿ ಹಾಕಿಕೊಂಡು ಕೂತ ಹಿರಿಯರು ಇನ್ನೂ ಕಾಣುತ್ತಾರೆ.

ಮೆಟ್ರೋ ಮಾತ್ರ ಇನ್ನೂ ಬಂದಿಲ್ಲ. ವಿಮಾನ ನಿಲ್ದಾಣದ ನೀಲಿ ಮಾರ್ಗ ಬಳ್ಳಾರಿ ರಸ್ತೆಯಲ್ಲಿ ಏಳುತ್ತಿದೆ. ಅದು ಬಂದರೂ ಉಪನಗರದ ಬಾಗಿಲಿಗೆ ಬರುವುದಿಲ್ಲ, ಬಸ್ಸೋ ಆಟೋನೋ ಹತ್ತಿಯೇ ನಿಲ್ದಾಣ ಸೇರಬೇಕು. ಅಲ್ಲಿಯವರೆಗೆ ನಗರಕ್ಕೆ ಹೋಗಲು ಹೆಬ್ಬಾಳ ದಾಟಬೇಕು. ಆ ಮೇಲ್ಸೇತುವೆಯ ಬೆಳಗಿನ ಸಾಲು ನೋಡಿಯೇ ತೀರ್ಮಾನ ಮಾಡಿ. ಕೆಲಸ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲೋ ವಿಮಾನ ನಿಲ್ದಾಣದ ಕಡೆಗೋ ಇದ್ದರೆ ಯಲಹಂಕ ಕಣ್ಣುಮುಚ್ಚಿ ಆರಿಸಬಹುದು. ಬೊಮ್ಮನಹಳ್ಳಿಯಲ್ಲಿದ್ದರೆ ಬೇಡ.

ಕೆರೆಗಳ ಕೆಳಗಿನ ತಗ್ಗು ಜಾಗ ಬಿಟ್ಟು ಎತ್ತರದ ಬೀದಿ ನೋಡಿ. ವಾಯುನೆಲೆಯ ಹತ್ತಿರವಾದರೆ ಯುದ್ಧವಿಮಾನಗಳ ಸದ್ದು ಇದ್ದದ್ದೇ. ಪುಟ್ಟ ಮಗು ಇರುವವರು ಹಗಲು ಹೊತ್ತು ಒಂದೆರಡು ಗಂಟೆ ಅಲ್ಲಿ ಕೂತು ನೋಡಿ.

ವೈಟ್‌ಫೀಲ್ಡ್

ಗಂಡ ಹೆಂಡತಿ ಇಬ್ಬರ ಕೆಲಸವೂ ಐಟಿಪಿಎಲ್ ಟೆಕ್ ಪಾರ್ಕಿನ ಸುತ್ತಮುತ್ತ ಇದ್ದು, ಆಫೀಸಿಗೆ ದಿನಾ ಹೋಗಬೇಕಿದ್ದರೆ ಬೇರೆ ಲೆಕ್ಕವೆಲ್ಲ ಬದಿಗಿಡಿ. ಸಂಜೆ ಆರಕ್ಕೆ ಅಪ್ಪ ಅಮ್ಮ ಮನೆಯಲ್ಲಿರುವುದು ಮಕ್ಕಳಿಗೆ ಯಾವ ಪಾರ್ಕಿಗಿಂತಲೂ ದೊಡ್ಡದು. 2023ರ ಮಾರ್ಚ್‌ನಲ್ಲಿ ಕಾಡುಗೋಡಿಯಿಂದ ಕೆ.ಆರ್. ಪುರದವರೆಗೆ ಮೆಟ್ರೋ ಓಡಿತು, ಅಕ್ಟೋಬರ್‌ನಲ್ಲಿ ಉಳಿದ ಕೊಂಡಿ ಸೇರಿತು. ಅದಾದ ಮೇಲೆ ವೈಟ್‌ಫೀಲ್ಡ್ ನಗರದಿಂದ ಕಡಿದುಹೋದ ದ್ವೀಪವಾಗಿ ಉಳಿದಿಲ್ಲ. ದೊಡ್ಡ ಆಸ್ಪತ್ರೆಗಳಿವೆ. ಉಚಿತವಾಗಿ ಚಿಕಿತ್ಸೆ ಕೊಡುವ ಸತ್ಯಸಾಯಿ ಆಸ್ಪತ್ರೆ ಇಲ್ಲಿಯೇ ಇದೆ, ಅದರ ಹೆಸರಿನ ಮೆಟ್ರೋ ನಿಲ್ದಾಣವೂ ಇದೆ.

ನನ್ನ ಆಯ್ಕೆ ಕಾಡುಗೋಡಿಯ ಕಡೆ. ಅಲ್ಲಿ ಹಳೇ ಊರಿನ ಪೇಟೆ ಇದೆ, ರೈಲು ನಿಲ್ದಾಣ ಇದೆ, ಮೆಟ್ರೋ ಇದೆ. ವರ್ತೂರು, ಬಳಗೆರೆ ಕಡೆಗೆ ಹೋದಷ್ಟೂ ರಸ್ತೆ ಕಿರಿದು, ಟ್ಯಾಂಕರ್ ಜಾಸ್ತಿ. ಪೂರ್ವದ ಗಟ್ಟಿ ಬಂಡೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳು ಇಲ್ಲಿ ಹೊಸ ಸುದ್ದಿಯಲ್ಲ. ಮೇಲೆ ಹೇಳಿದ ಜಲಮಂಡಳಿ ಬಿಲ್ಲನ್ನು ಇಲ್ಲಿ ಎರಡು ಸಲ ನೋಡಿ.

ಸರ್ಜಾಪುರ ರಸ್ತೆ

ಇಲ್ಲಿಗೆ ಜನ ಬರುವುದು ಶಾಲೆಗಳಿಗಾಗಿ, ಹೊರವರ್ತುಲ ರಸ್ತೆಯ ಆಫೀಸುಗಳಿಗಾಗಿ. ಎರಡೂ ನಿಜವಾದ ಕಾರಣಗಳೇ. ಆದರೂ ಸಂಸಾರ ಕಟ್ಟಲು ನಾನು ಇದನ್ನು ಕೊನೆಗಿಡುತ್ತೇನೆ. ಮೆಟ್ರೋ ಇಲ್ಲ. ಹೆಬ್ಬಾಳ–ಸರ್ಜಾಪುರ ಕೆಂಪು ಮಾರ್ಗಕ್ಕೆ ರಾಜ್ಯ ಸಂಪುಟ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಒಪ್ಪಿಗೆಗೂ ಓಡುವ ರೈಲಿಗೂ ನಡುವೆ ಎಷ್ಟು ವರ್ಷ ಹೋಗುತ್ತದೆ ಎನ್ನುವುದು ವೈಟ್‌ಫೀಲ್ಡಿನವರಿಗೆ ಚೆನ್ನಾಗಿ ಗೊತ್ತು. ಈಗ ಒಂದನೇ ತರಗತಿಯಲ್ಲಿರುವ ಮಗು ಪಿಯುಸಿ ಮುಗಿಸಿರಬಹುದು. ಬ್ರೋಷರಿನಲ್ಲಿ ಚುಕ್ಕೆಗೆರೆಯಲ್ಲಿರುವ ಮೆಟ್ರೋಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ಒಳಗಿನ ಎಷ್ಟೋ ಭಾಗ ಇನ್ನೂ ಪಂಚಾಯ್ತಿ ವ್ಯಾಪ್ತಿಯದು. ಗೇಟಿನ ಒಳಗೆ ಈಜುಕೊಳ, ಗೇಟಿನ ಹೊರಗೆ ಚರಂಡಿ ಇಲ್ಲದ ಮಣ್ಣು ರಸ್ತೆ. ಹಿರಿಯರು ಒಬ್ಬರೇ ನಡೆದು ಹೋಗಿ ಔಷಧಿ ತರಲಾಗದ ಜಾಗ ಅವರಿಗೆ ಮನೆ ಅನ್ನಿಸುವುದಿಲ್ಲ. ಹೋಗಲೇಬೇಕು ಎಂದಿದ್ದರೆ ಕಾರ್ಮೆಲರಾಂ ರೈಲು ನಿಲ್ದಾಣದ ಹತ್ತಿರ, ಎತ್ತರದ ಜಾಗದಲ್ಲಿ, ಜಲಮಂಡಳಿ ಸಂಪರ್ಕ ಆಗಿರುವ ಕಟ್ಟಡ ಹುಡುಕಿ.

ನಿಮ್ಮ ಊರು ಯಾವ ದಿಕ್ಕಿಗೆ?

ಹೋಲಿಕೆಯ ಪಟ್ಟಿಗಳಲ್ಲಿ ಇದು ಬರುವುದೇ ಇಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಬೆಂಗಳೂರಿನ ಆಚೆ ಇನ್ನೊಂದು ಮನೆ ಇದೆ. ಹಬ್ಬ, ಜಾತ್ರೆ, ಮದುವೆ, ಯಾರದೋ ಆರೋಗ್ಯ ಎಂದು ಓಡಾಟ ತಪ್ಪದು. ಮಂಡ್ಯ, ಮೈಸೂರು, ಕೊಡಗಿನವರಿಗೆ ಕೆಂಗೇರಿ ಸಲೀಸು. ರೈಲು ಅಲ್ಲೇ ಹತ್ತಬಹುದು, 2023ರಲ್ಲಿ ತೆರೆದ ಮೈಸೂರು ಎಕ್ಸ್‌ಪ್ರೆಸ್‌ವೇ ಅಲ್ಲಿಂದಲೇ ಶುರು. ಚಿಕ್ಕಬಳ್ಳಾಪುರ, ಅನಂತಪುರದ ಕಡೆಯವರಿಗೆ ಯಲಹಂಕ. ಕೋಲಾರದವರಿಗೆ ಕೆ.ಆರ್. ಪುರ, ವೈಟ್‌ಫೀಲ್ಡ್. ತುಮಕೂರು, ಶಿವಮೊಗ್ಗ, ಹುಬ್ಬಳ್ಳಿ ದಾರಿಯವರು 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಮುಂದುವರಿದ ಹಸಿರು ಮಾರ್ಗದ ಸುತ್ತ, ನಾಗಸಂದ್ರದ ಕಡೆ ನೋಡಬಹುದು. ಶುಕ್ರವಾರ ರಾತ್ರಿ ನಗರವನ್ನು ಅಡ್ಡ ದಾಟಲು ಎರಡು ಗಂಟೆ ಕಳೆದವರಿಗೆ ಇದರ ಬೆಲೆ ಗೊತ್ತು.

ಖರ್ಚು ಮತ್ತು ಕಾಗದ

ಏರಿಯಾ ಯಾವುದೇ ಇರಲಿ, ನೋಂದಣಿ ಖರ್ಚನ್ನು ಮೊದಲೇ ತೆಗೆದಿಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. 80 ಲಕ್ಷದ ಮನೆ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5ರಂತೆ 4 ಲಕ್ಷ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ 48,000, ನೋಂದಣಿ 1,60,000. ಒಟ್ಟು 6,08,000 ರೂಪಾಯಿ.

ಹೊಸ ಅಪಾರ್ಟ್‌ಮೆಂಟಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ನೋಡಿ. ಕಟ್ಟಿ ಮುಗಿದಿದ್ದರೆ ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರೂ ಓಸಿ ಎನ್ನುವುದು, ಇದೆಯಾ ಕೇಳಿ. ಇಲ್ಲ, ಬರುತ್ತದೆ ಎಂದರೆ ಬಂದ ಮೇಲೆಯೇ ಮಾತಾಡೋಣ ಎನ್ನಿ. ನಗರದ ವ್ಯಾಪ್ತಿಯಲ್ಲಿ ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿ ಆಗುವುದಿಲ್ಲ. ಅದು ಎ ಖಾತಾನೋ (ಅನುಮೋದನೆ ಸರಿ ಇರುವ ಆಸ್ತಿಯದು) ಬಿ ಖಾತಾನೋ (ಅನುಮೋದನೆಯಲ್ಲಿ ಕೊರತೆ ಇರುವ ಆಸ್ತಿಯದು) ನೋಡಿ. ಪಂಚಾಯ್ತಿಯಾದರೆ ಅದು ಕೊಡುವ ಆಸ್ತಿ ದಾಖಲೆಗಳಾದ ಫಾರ್ಮ್ 9 ಮತ್ತು 11ಎ ಇರಬೇಕು. 11ಬಿ ಕೊಟ್ಟರೆ ಆ ಜಾಗಕ್ಕೆ ಸರಿಯಾದ ಅನುಮೋದನೆ ಇಲ್ಲ ಎಂದು ಅರ್ಥ. 30 ವರ್ಷದ ಋಣಭಾರ ಪತ್ರ ತೆಗೆಸಿ. ಹೊರವಲಯದ ಜಮೀನುಗಳಲ್ಲಿ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯೂ ಇರುತ್ತದೆ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಆದ ಅದರ ಮಾರಾಟ ನಿಲ್ಲುವುದಿಲ್ಲ. ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಬ್ಯಾಂಕು ಸಾಲ ಕೊಟ್ಟಿದೆ ಎಂದು ಸುಮ್ನೆ ಕೂರದೆ, ಮಾರುವವರಿಗೆ ಸಂಬಂಧವಿಲ್ಲದ ವಕೀಲರ ಕೈಲಿ ತಾಯಿಪತ್ರದಿಂದ ಹಿಡಿದು ಎಲ್ಲ ಓದಿಸಿ.

ಎರಡು ಏರಿಯಾಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಒಂದರಲ್ಲಿ ಬಾಡಿಗೆಗೆ ಹೋಗಿ. ಫೆಬ್ರವರಿಯಲ್ಲಿ ಹೋದರೆ ಬೇಸಿಗೆಯ ನೀರೂ ಗೊತ್ತಾಗುತ್ತದೆ, ಜೂನಿನ ಮಳೆಯೂ ಗೊತ್ತಾಗುತ್ತದೆ, ಶಾಲೆ ಶುರುವಾದ ಮೊದಲ ವಾರದ ಟ್ರಾಫಿಕ್ಕೂ ಗೊತ್ತಾಗುತ್ತದೆ. ಆ ಆರು ತಿಂಗಳು ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಿ. ಅವರು ಒಬ್ಬರೇ ಹೊರಗೆ ಹೋಗಿ ಬರಲು ಶುರು ಮಾಡಿದರೆ ಅದೇ ಏರಿಯಾದಲ್ಲಿ ಮನೆ ಹುಡುಕಿ.